ಪ್ಯಾಡಿನ ಪಾಡು

ಡಬ್ಬಿ ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ ಬಂತು. ಸೈಕಲ್ ಅಂಗಡಿಯಲ್ಲಿ ಹೊಸ ಟ್ಯೂಬಿನ ಕಾಗದ ಹರಿದಾಗ ಬರುತ್ತದಲ್ಲ, ಅದೇ ವಾಸನೆ. ನಾನು ಮೂಗಿನ ಹತ್ತಿರ ಹಿಡಿದು ಇನ್ನೊಮ್ಮೆ ಮೂಸಿದೆ. ಎದುರಿಗೆ ಕೂತಿದ್ದ ಪವಿತ್ರ, ಮಿಸ್ಸಿಗೆ ವಯಸ್ಸಾಯಿತು ಎಂಬಂತೆ ನೋಡಿದಳು.

ಪವಿತ್ರ ಯಾರೆಂದು ಹೇಳಬೇಕು. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ನಾಗಪ್ಪ ಎಂಬ ಅಟೆಂಡರ್ ಇದ್ದ. ಅವನ ಮೊಮ್ಮಗಳು ಇವಳು. ಈಗ ಮಧುಗಿರಿಯಲ್ಲೇ ರೂಮು ಮಾಡಿಕೊಂಡು ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಭಾನುವಾರ ಬೆಳಿಗ್ಗೆ ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ಕೈಯಲ್ಲಿ ಈ ಡಬ್ಬಿ ಹಿಡಿದು ಬಂದಳು. ಡಬ್ಬಿಯೊಳಗೆ ಒಂದು ಕಪ್ಪು ಹಲಗೆ, ಅದರ ಮೇಲೆ ಹದಿನಾರು ರಬ್ಬರು ಚೌಕಗಳು. ಕಂಪ್ಯೂಟರಿಗೆ ಸೇರಿಸಿ ಬೆರಳಿನಿಂದ ಬಡಿದರೆ ತಬಲ, ಡ್ರಮ್ಮು, ತಮಟೆ, ಏನು ಬೇಕಾದರೂ ನುಡಿಯುತ್ತದಂತೆ.

"ಮಿಸ್, ಇದನ್ನ ಸೇರಿಸ್ಕೊಡಿ. ನಮ್ ಕ್ಲಾಸಲ್ಲಿ ಯಾರ ಕೈಲೂ ಆಗ್ಲಿಲ್ಲ. ನಮ್ಮಜ್ಜಿ ಫೋನಲ್ಲಿ ಹೇಳ್ತು, 'ಟೀಚರಮ್ಮನ ತಾವ ಓಗೇ, ಆಯಮ್ಮಂಗೆ ಬತ್ತದೆ' ಅಂತ."

ಊರಿನಲ್ಲಿ ಹೆಸರು ಹೇಗೆ ಉಳಿಯುತ್ತದೆ ನೋಡಿ. ನಾನು ಜೀವಮಾನವಿಡೀ ಗಣಿತ ಕಲಿಸಿದವಳು. ಕಂಪ್ಯೂಟರಿಗೆ ಪ್ಯಾಡು ಜೋಡಿಸುವ ಕೆಲಸ ಮಾಡಿದ್ದು ಒಂದೇ ಒಂದು ಸಲ, ಅದೂ ಎಂಬತ್ತರ ದಶಕದ ಕೊನೆಯಲ್ಲಿ. ಆ ಪ್ಯಾಡು ಸಭೆಯ ಹೊತ್ತಿಗೆ ಸರಿಯಾಗಿ ಕೆಟ್ಟುಹೋಗಿತ್ತು. ಕಲಿಸಿದ ಮಗ್ಗಿಯನ್ನೆಲ್ಲ ಊರು ಮರೆತಿದೆ, ಆ ಪ್ಯಾಡನ್ನು ಮರೆತಿಲ್ಲ.

ಹಲಗೆಯ ತಂತಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಯಾವ ಸಾಧನವೂ ಸಿಗಲಿಲ್ಲ ಎಂದು ಪರದೆ ಹೇಳಿತು. ತೆಗೆದು, ತಂತಿಯ ತುದಿಗೆ ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದೆ. ಊದಿದರೆ ಸರಿಹೋಗುತ್ತದೆ ಎಂಬುದು ನನ್ನ ಕಾಲದವರ ನಂಬಿಕೆ. ಈ ಸಲ ಅದು ಇನ್ನೇನೋ ಇಳಿಸಿಕೊಳ್ಳಬೇಕು, ಸ್ವಲ್ಪ ಕಾಯಿರಿ ಎಂದಿತು. ಪರದೆಯ ಮೇಲೊಂದು ಪಟ್ಟಿ ಬಸವನ ಹುಳದ ಹಾಗೆ ತೆವಳತೊಡಗಿತು. ಕಾಯುವುದು ನನಗೆ ಗೊತ್ತಿರುವ ಕೆಲಸ. ಬನ್ನಿ, ಅಷ್ಟರಲ್ಲಿ ಆ ಹಳೆಯ ಪ್ಯಾಡಿನ ಕಥೆ ಹೇಳುತ್ತೇನೆ.

ಆಗ ನಾನು ಕೊರಟಗೆರೆಯಿಂದ ಬಂದು ಮಧುಗಿರಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಹೊಸ ಟೀಚರು. ಒಂಟಿ ಹುಡುಗಿ, ಸಂಜೆಯಾದರೆ ಬೇರೆ ಕೆಲಸವಿಲ್ಲ. ಹಾಗಾಗಿ ದಿನಚರಿ ಬರೆಯುತ್ತಿದ್ದೆ. ಮನಸ್ಸಿನ ಮಾತು ಬರೆಯುವ ದಿನಚರಿ ಎಂದು ತಿಳಿಯಬೇಡಿ. ತಾರೀಖು ಹಾಕಿ, ಗೆರೆ ಎಳೆದು, ಅಂದು ಕರೆಂಟು ಎಷ್ಟು ಸಲ ಹೋಯಿತು, ಹಾಲಿನವನು ಎಷ್ಟು ತಡವಾಗಿ ಬಂದ, ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ಹೆಡ್‌ಮಾಸ್ಟರು 'ಅಂದರೆ' ಎಂಬ ಪದವನ್ನು ಎಷ್ಟು ಬಾರಿ ಬಳಸಿದರು ಎಂದು ಲೆಕ್ಕ ಬರೆಯುವ ದಿನಚರಿ. ಹೆಡ್‌ಮಾಸ್ಟರು ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯರು. ಮೈಕು ಕಂಡರೆ ಮಾತ್ರ ಅವರಿಗೆ ಬಿಡಲಾಗುತ್ತಿರಲಿಲ್ಲ.

ಆ ವರ್ಷ ಶಾಲೆಗೆ ಒಂದು ಕಂಪ್ಯೂಟರು ಬಂದಿತ್ತು. ದಪ್ಪ ಟೈಪ್‌ರೈಟರಿನಂಥ ಒಂದು ಕೀಲಿಮಣೆ, ಒಂದು ಟಿವಿ, ಒಂದು ಟೇಪ್ ರೆಕಾರ್ಡರು. ಈಗಿನ ಹಾಗೆ ಎಲ್ಲ ಅದರ ಹೊಟ್ಟೆಯಲ್ಲೇ ಇರುತ್ತಿರಲಿಲ್ಲ. ಕ್ಯಾಸೆಟ್ಟು ಹಾಕಿ ಒತ್ತಿದರೆ ಟೇಪು ಕೀಚುಕೀಚು ಎಂದು ಕಿರುಚುತ್ತಿತ್ತು, ಆ ಕಿರುಚಾಟವನ್ನು ಕಂಪ್ಯೂಟರು ಕೇಳಿಸಿಕೊಂಡು ಪಾಠ ಕಲಿಯುತ್ತಿತ್ತು. ತುಮಕೂರಿನ ತರಬೇತಿಗೆ ಹೋಗದಿರಲು ಹಿರಿಯ ಮೇಷ್ಟರುಗಳೆಲ್ಲ ಒಂದೊಂದು ನೆಪ ಹೇಳಿ, ಕೊನೆಗೆ ನನ್ನನ್ನು ಕಳಿಸಿದ್ದರು. ಕಲಿತು ಬಂದು ನಾನು ಅದರಿಂದ ಮಗ್ಗಿ ಹೇಳಿಸಿದೆ. ಮಗನ ಟೀಸಿಗೆ ಬಂದಿದ್ದ ಪುರವರ ಎಂಬ ಊರಿನ ಕಡೆಯ ರೈತರೊಬ್ಬರು ಬಾಗಿಲಲ್ಲೇ ನಿಂತು ಪೂರ್ತಿ ಹದಿಮೂರರ ಮಗ್ಗಿ ನೋಡಿದರು. ಆಮೇಲೆ, "ಮಗ್ಗಿ ನಮ್ಮುಡ್ಗನೂ ಯೋಳ್ತಾನೆ ಕಣಮ್ಮ. ಇದ್ಕೆ ಕರೆಂಟ್ ಬ್ಯಾರೆ ಯಾಕೆ ದಂಡ?" ಎಂದು ಹೊರಟರು.

ಈ ಮಾತು ಹೆಡ್‌ಮಾಸ್ಟರ ಕಿವಿಗೆ ಬಿತ್ತು. "ಸ್ಕೂಲ್ ಡೇಗೆ ಏನಾದ್ರೂ ಬೇರೆ ಮಾಡಿ ತೋರಿಸಮ್ಮ. ಅಂದರೆ, ಜನ ಬಾಯಿಬಿಟ್ಟು ನೋಡೋ ಅಂಥದ್ದು" ಎಂದರು.

ಕಂಪ್ಯೂಟರ್ ಕೋಣೆಯ ಬೀಗದ ಕೈ ಇರುತ್ತಿದ್ದದ್ದು ನಾಗಪ್ಪನ ಹತ್ತಿರ. ಅವನು ಪಾವಗಡದಾಚೆ ವಳ್ಳೂರಿನ ಕಡೆಯವನು, ಕುರಿ ಸಾಕುವ ಮನೆತನ, ಕೆಲಸ ಸಿಕ್ಕಿ ಇಲ್ಲಿಗೆ ಬಂದಿದ್ದ. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದರೆ ಹೆಡ್‌ಮಾಸ್ಟರನ್ನೂ ಬಿಡುತ್ತಿರಲಿಲ್ಲ. ಕಂಪ್ಯೂಟರಿಗೆ ಹೊದಿಸಲು ಮನೆಯಿಂದ ಹೂವಿನ ದುಪ್ಪಟಿ ತಂದಿದ್ದ. ಟೇಪು ಕಿರುಚುವಾಗ, "ಬಾಯಿ ಮುಕ್ಕಳಿಸ್ತಾ ಐತೆ, ತಾಳಿ ಟೀಚರಮ್ಮ, ಇವಾಗ ಮಾತಾಡ್ತದೆ" ಎನ್ನುತ್ತಿದ್ದ. ಹಾಗೆ ಕಾಯುವಾಗಲೆಲ್ಲ ಬಾಗಿಲಿಗೆ ಒರಗಿ ಎಡಗೈಯ ಬೆರಳುಗಳಿಂದ ಬಾಗಿಲ ಹಲಗೆಯನ್ನು ಬಡಿಯುತ್ತಿದ್ದ. ಬಡಿತ ಕೇಳಲು ಇಂಪಾಗಿತ್ತು. ನಾನು ತಿರುಗಿ ನೋಡಿದರೆ ಥಟ್ಟನೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ.

ಕಾರಣ ಹೇಳಿದವಳು ಅವನ ಹೆಂಡತಿ ರಾಮಕ್ಕ. ನಾಗಪ್ಪ ಭಜನೆ ಮನೆಯಲ್ಲಿ ಡೋಲಕ್ಕು ಬಾರಿಸುತ್ತಿದ್ದವನು. ಅವನು ಬಾರಿಸುತ್ತಿದ್ದ, ಅವಳು ಹಾಡುತ್ತಿದ್ದಳು. ಒಂದು ಸುಗ್ಗಿಯಲ್ಲಿ ಕಡಲೆಕಾಯಿ ಗಿಡ ಹೇರಿದ್ದ ಗಾಡಿಯ ಮೇಲಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪಟ್ಟು ಹಾಕಿಸಿದರು, ಮೂಳೆ ಕೂಡಿಕೊಂಡಿತು, ಮಣಿಕಟ್ಟು ಮಾತ್ರ ತಿರುಗಲಿಲ್ಲ. ಬೆರಳುಗಳಿಗೆ ಏನೂ ಆಗಿರಲಿಲ್ಲ. ಆದರೆ ಮಣಿಕಟ್ಟು ತಿರುಗದೆ ಡೋಲಕ್ಕು ಹೇಗೆ ನುಡಿದೀತು? ಅವನು ಭಜನೆಗೆ ಹೋಗುವುದು ಬಿಟ್ಟ. ಅವಳು ಹಾಡುವುದು ಬಿಟ್ಟಳು.

"ಬೇರೆಯವರು ಬಾರಿಸಿದರೆ ನೀವು ಹಾಡಬಹುದಲ್ಲ ರಾಮಕ್ಕ?" ಎಂದು ಕೇಳಿದ್ದೆ.

"ಆಡಬೋದು. ಆದ್ರೆ ಬ್ಯಾರೆಯೋರ ಡೋಲಕ್ಕಿಗೆ ನಾನು ಬಾಯಿ ತೆಗುದ್ರೆ, ಈಯಪ್ಪನ ಕೈ ಓಯ್ತು ಅಂತ ನಾನೇ ಡಂಗೂರ ವಡ್ದಂಗಲ್ವೇನಮ್ಮ?" ಎಂದಳು. ಹೊರಡುತ್ತಾ, "ಮನೇಲಿ ಸದ್ದೇ ಇಲ್ಲ ಕಣಮ್ಮ. ಇಬ್ರೂ ಉಣ್ತೀವಿ, ಮನೀಕಂತೀವಿ" ಎಂದಳು.

ಹೆಡ್‌ಮಾಸ್ಟರು ಕೇಳಿದ್ದ 'ಬೇರೆ ಏನಾದರೂ' ನನಗೆ ಹೊಳೆದದ್ದು ಆ ದಿನ. ಕಂಪ್ಯೂಟರಿನ ಅಡಿಯಲ್ಲಿ ಹೊರಗಿನ ಸಾಮಾನು ಜೋಡಿಸಲು ಒಂದು ಸಾಕೆಟ್ಟಿತ್ತು. ಅದರಲ್ಲಿ ಕೈಬೆರಳು ಬಡಿದ ಸುದ್ದಿ ಒಳಗೆ ಹೋಗುವ ಹಾಗೆ ಮಾಡಿದರೆ, ಒಳಗಿನಿಂದ ಸದ್ದು ಹೊರಡಿಸುವುದು ನನ್ನ ಕೆಲಸ. ಬೆರಳು ಸಾಕು, ಮಣಿಕಟ್ಟು ಬೇಡ.

ನಾಗಪ್ಪ ಮೊದಲು ಒಪ್ಪಲಿಲ್ಲ. "ಬುಡಿ ಟೀಚರಮ್ಮ, ಅಷ್ಟು ಜನದ ಮುಂದೆ ಕೈ ತಪ್ಪುದ್ರೆ ಏನ್ ಮರ್ವಾದೆ?"

"ತಪ್ಪಿದರೆ ನಿಮ್ಮ ತಪ್ಪು ಹೇಗಾಗುತ್ತೆ ನಾಗಪ್ಪ? ಸದ್ದು ಮಾಡೋದು ಕಂಪ್ಯೂಟರು. ತಪ್ಪೂ ಅದರದೇ."

ಅವನು ದುಪ್ಪಟಿ ಹೊದ್ದು ಕೂತಿದ್ದ ಕಂಪ್ಯೂಟರನ್ನು ತುಂಬ ಹೊತ್ತು ನೋಡಿದ. "ಅಂಗಾರೆ ಸರಿ" ಎಂದ.

ಜೋಡಿಸಿಕೊಟ್ಟವರು ಖಲೀಲ್ ಸಾಬರು. ಶಿರಾದಿಂದ ಬಂದು ಮಧುಗಿರಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಕಂಪ್ಯೂಟರನ್ನು ಅವರೂ ಅಲ್ಲಿಯವರೆಗೆ ಕಂಡಿರಲಿಲ್ಲ, ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳುವವರಲ್ಲ. "ತಾರಿಗೆ ತಾರು ಮುಟ್ಟಿದ್ರೆ ಖಬರ್ ಹೋಗ್ತದೆ ಮೇಡಂ. ಕಂಪ್ಯೂಟ್ರು ಆದ್ರೇನು, ಕರೆಗಂಟೆ ಆದ್ರೇನು, ತಾರು ತಾರೇ" ಎಂದರು. ಹಲಗೆ ಬೇಕೆಂದಾಗ ನಾನು ಪರೀಕ್ಷೆಗೆ ಮಕ್ಕಳು ತರುವ ಕ್ಲಿಪ್ಪಿನ ಪ್ಯಾಡು ಕೊಟ್ಟೆ. ಅದರ ಮೇಲೆ ಹಾಲಿನ ಪುಡಿ ಡಬ್ಬದ ತಗಡು ಕತ್ತರಿಸಿ ಅಂಟಿಸಿದರು. ಮೇಲೆ, ಅಡಿಗೆ ಇನ್ನೊಂದು ತಗಡಿನ ಚೂರು ಅಂಟಿಸಿದ ಸೈಕಲ್ ಟ್ಯೂಬಿನ ಚೌಕಗಳು. ಚೌಕ ಒತ್ತಿದರೆ ತಗಡಿಗೆ ತಗಡು ಮುಟ್ಟಬೇಕು, ಬಿಟ್ಟರೆ ಬಿಡಬೇಕು. ಹೀಗೆ ಆ ಯಂತ್ರಕ್ಕೆ ಪ್ಯಾಡು ಎಂಬ ಹೆಸರು ಪರೀಕ್ಷೆಯ ಪ್ಯಾಡಿನಿಂದಲೇ ಬಂತು. ನಾಗಪ್ಪನಿಗೂ ರಾಮಕ್ಕನಿಗೂ 'ಪ್ಯಾ' ನಾಲಿಗೆಗೆ ಹೊರಳದೆ ಅದು 'ಪಾಡು' ಆಯಿತು.

ಮೊದಲ ದಿನ ಒಂದು ಚೌಕ ಧುಂ ಎಂದಿತು. ಇನ್ನೊಂದು ಟಿಕ್ ಎಂದಿತು. ಮೂರನೆಯದು ಸುಯ್ಯೆಂದು ಸುರಿಯಿತು. ಅದಕ್ಕೆ ನಾಗಪ್ಪ 'ಮಂಡಕ್ಕಿ' ಎಂದು ಹೆಸರಿಟ್ಟ, ಬಾಣಲೆಯಲ್ಲಿ ಮಂಡಕ್ಕಿ ಹುರಿದ ಹಾಗಿದೆ ಎಂದು. ಒಂದು ತೊಡಕಿತ್ತು. ಒಂದನೆಯ ಚೌಕ, ಎರಡನೆಯ ಚೌಕ ಒಟ್ಟಿಗೆ ಒತ್ತಿದರೆ ಎರಡೂ ಸದ್ದು ಬರುವ ಬದಲು ಮಂಡಕ್ಕಿ ಬರುತ್ತಿತ್ತು. ಒಂದೂ ಎರಡೂ ಸೇರಿ ಮೂರು! ಕಂಪ್ಯೂಟರು ಕೂಡುವ ಲೆಕ್ಕ ಮಾಡುತ್ತಿದೆ ಎಂದು ತಿಳಿದಾಗ ನನಗಾದ ಸಂತೋಷವನ್ನು ದಿನಚರಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದೇನೆ. ನಾಗಪ್ಪನಿಗೆ ಸಂತೋಷವಾಗಲಿಲ್ಲ. "ಧುಂ ಅಂದ್ರೆ ಮಂಡಕ್ಕಿ ಕೊಡ್ತದಲ್ಲ, ಇದ್ಯಾವ ಅಂಗಡಿ?" ಎಂದ. ಅದನ್ನು ಸರಿಮಾಡುವುದರಲ್ಲಿ ನನ್ನ ಒಂದು ವಾರ ಹೋಯಿತು.

ಬೆರಳು ಬಡಿದ ಮೇಲೆ ಸದ್ದು ಬರುವುದು ಕೂದಲೆಳೆಯಷ್ಟು ತಡ. ಅದಕ್ಕೂ ಅವನ ಬಳಿ ಮಾತಿತ್ತು: "ನಮ್ಮಪ್ಪನ ಎತ್ತು ಇಂಗೇ ಇತ್ತು. ಅಯ್ ಅಂದ್ರೆ ಒಂದ್ ಗಳಿಗೆ ಯೋಚ್ನೆ ಮಾಡಿ ಎದ್ದೇಳದು." ಬಯ್ಯುತ್ತಲೇ ಬಡಿದ, ಬಡಿಯುತ್ತಲೇ ಬಯ್ದ. ತಾಳ ತಪ್ಪಿದಾಗಲೆಲ್ಲ, "ಕಂಪ್ಯೂಟ್ರು ತಪ್ತು" ಎಂದು ಜೋರಾಗಿ ಹೇಳುತ್ತಿದ್ದ. ನಾನು ಒಪ್ಪುತ್ತಿದ್ದೆ. ದಿನ ಕಳೆದಂತೆ ಕಂಪ್ಯೂಟರು ತಪ್ಪುವುದು ಕಡಿಮೆಯಾಯಿತು. ಬಲಗೈಯನ್ನು ತೊಡೆಯ ಮೇಲೆ ಊರಿ, ಬರೀ ಬೆರಳುಗಳನ್ನು ಕುಣಿಸುವ ಒಂದು ವರಸೆ ಅವನಿಗೆ ಸಿಕ್ಕಿತ್ತು. ರಾಮಕ್ಕ ಬುತ್ತಿ ತರುವ ನೆಪದಲ್ಲಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹಾಡುತ್ತೀಯಾ ಎಂದು ಅವನು ಕೇಳಲಿಲ್ಲ. ಹಾಡುತ್ತೇನೆ ಎಂದು ಅವಳೂ ಹೇಳಲಿಲ್ಲ. "ಕೈ ಮೆಲ್ಲಗಾಯ್ತು, ನೋರು ಮಾತ್ರಂ ಜೋರು" ಎಂದು ಬುತ್ತಿ ಇಟ್ಟು ಹೋಗುತ್ತಿದ್ದಳು. ನೋರು ಎಂದರೆ ಬಾಯಿ. ರಾಮಕ್ಕನದು ತೆಲುಗು ಬೆರೆತ ಮಾತು, ಗಾಬರಿಯಾದರೆ ಪೂರ್ತಿ ತೆಲುಗು. ನನಗೆ ಬರುತ್ತಿದ್ದ ತೆಲುಗು ಪಾವಗಡದ ಬಸ್ಸಿನಲ್ಲಿ ಸೀಟು ಕೇಳುವಷ್ಟು. ಹೆಡ್‌ಮಾಸ್ಟರಿಗೆ ಅದೂ ಬಾರದು.

ಸ್ಕೂಲ್ ಡೇ ಸಂಜೆ ಬೆಂಚುಗಳನ್ನು ಜೋಡಿಸಿ ವೇದಿಕೆ ಕಟ್ಟಿದ್ದರು. ಬೆಟ್ಟದ ನೆರಳು ಮೈದಾನ ದಾಟಿ ರಸ್ತೆಗೆ ಬಿದ್ದಿತ್ತು. ನಾನು ವೇದಿಕೆಯ ಮೂಲೆಯಲ್ಲಿ ಕಂಪ್ಯೂಟರಿಗೆ ಕ್ಯಾಸೆಟ್ಟು ಹಾಕಿ ಕೂತಿದ್ದೆ. ವೇದಿಕೆಗೆ ಕಟ್ಟಿದ ಬಟ್ಟೆಯ ಪರದೆಯ ಹಿಂದೆ ನಾಗಪ್ಪ ಪ್ಯಾಡು ಇಟ್ಟುಕೊಂಡು ಸಿದ್ಧನಾಗುತ್ತಿದ್ದ. ಸಿದ್ಧನಾಗುವುದು ಎಂದರೆ ಏನೆಂದು ನಾನು ಯೋಚಿಸಿರಲಿಲ್ಲ. ವಾದ್ಯಕ್ಕೆ ಪೂಜೆ ಮಾಡದೆ ಅವನು ಎಂದೂ ಬಾರಿಸಿದವನಲ್ಲ. ವಿಭೂತಿ, ಕುಂಕುಮ, ಒಂದು ತುಂಡು ಸೇವಂತಿಗೆ ಹೂ. ಖಲೀಲ್ ಸಾಬರು ಪಕ್ಕದಲ್ಲೇ ಇದ್ದು, "ಮಾಡಿ ನಾಗಪ್ಪ, ಬೇಡ ಅನ್ನಲ್ಲ, ಒಣಾ ಪೂಜೆ ಮಾಡಿ" ಎಂದು ಬೇಡಿಕೊಂಡರಂತೆ. ಅಷ್ಟರಲ್ಲಿ ಕಾಯಿ ಒಡೆದಿತ್ತು. ನೀರು ಬಟ್ಟಲಿಗೆ ಬೀಳಬೇಕಾದದ್ದು ಪ್ಯಾಡಿನ ಮೇಲೆ ಬಿತ್ತು. ತಗಡು ತಗಡಿನ ನಡುವೆ ತೆಂಗಿನಕಾಯಿ ನೀರು ಹೊಕ್ಕಿತು, ಟ್ಯೂಬಿನ ಚೌಕಗಳು ಒಂದೊಂದಾಗಿ ಕಿತ್ತು ಬಂದವು.

ಸುದ್ದಿ ಮುಟ್ಟಿಸಲು ರಾಮಕ್ಕ ಓಡಿ ಬಂದಳು. ಹೆಡ್‌ಮಾಸ್ಟರು ಮೈಕು ಹಿಡಿದು ನಿಂತಿದ್ದರು. ಅವಳು ಏದುಸಿರಿನಲ್ಲಿ ನನಗೆ, "ಪಾಡೈಪೋಯಿಂದಮ್ಮಾ!" ಎಂದಳು.

ಪಾಡು ಎಂದರೆ ನಮ್ಮ ಪ್ಯಾಡು. ಅಯಿಪೋಯಿಂದಿ ಎಂದರೆ ಆಗಿಹೋಯಿತು. ಪ್ಯಾಡು ಆಯಿತು, ಸಿದ್ಧವಾಗಿದೆ! ನಾನು ಹಾಗೇ ತಿಳಿದೆ. ಹೆಡ್‌ಮಾಸ್ಟರಿಗೂ ಹಾಗೇ ಹೇಳಿದೆ. ತೆಲುಗಿನಲ್ಲಿ ಪಾಡೈಪೋಯಿಂದಿ ಎಂದರೆ ಕೆಟ್ಟುಹೋಯಿತು ಎಂದು ನನಗೆ ಗೊತ್ತಾದದ್ದು ಆಮೇಲೆ.

ಹೆಡ್‌ಮಾಸ್ಟರು ಅರಳಿಹೋದರು. "ಮಹಾಜನಗಳೇ, ಅಂದರೆ, ಕಂಪ್ಯೂಟರು ಸಂಗೀತ ನುಡಿಸುವ ಕಾಲ ನಮ್ಮ ಮಧುಗಿರಿಗೆ ಬಂದಿದೆ. ಅಂದರೆ, ಈಗ ನಿಮ್ಮ ಮುಂದೆ..." ಎಂದು ರಾಮಕ್ಕನ ಹಿಂದಿದ್ದ ಪರದೆಯ ಕಡೆ ಕೈ ತೋರಿಸಿ, "ಪ್ಯಾಡು!" ಎಂದು ಗುಡುಗಿದರು.

ರಾಮಕ್ಕ ಬೆಚ್ಚಿದಳು. ತೆಲುಗಿನಲ್ಲಿ ಪಾಡು ಎಂದರೆ ಹಾಡು, ಅದೂ ಏಕವಚನದಲ್ಲಿ. ಹಾಡು ಎಂಬ ಅಪ್ಪಣೆ. "ನೇನಾ?" ಎಂದಳು, ನಾನಾ ಎಂದು. ಅವಳು ಏನೋ ಒಪ್ಪಿಗೆ ಕೇಳುತ್ತಿದ್ದಾಳೆ ಎಂದುಕೊಂಡು ಹೆಡ್‌ಮಾಸ್ಟರು ಜೋರಾಗಿ ತಲೆ ಆಡಿಸಿದರು. ಮೈಕನ್ನೂ ಅವಳ ಕಡೆ ತಿರುಗಿಸಿದರು.

ಅವಳು ಸೆರಗು ಹೊದ್ದು ಹಾಡಿಬಿಟ್ಟಳು.

ಭಜನೆ ಮನೆಯ ಹಾಡು. ಮೊದಲ ಸಾಲು ನಿಧಾನ, ಗಟ್ಟಿ ದನಿ. ಹಿಂದಿನ ಸಾಲಿನಲ್ಲಿ ಬೀಡಿ ಹಚ್ಚುತ್ತಿದ್ದವರ ಕೈ ಅಲ್ಲೇ ನಿಂತಿತು. ಸಾಲು ಮುಗಿಯಿತು. ಡೋಲಕ್ಕು ಬರಬೇಕಾದ ಜಾಗ ಅದು. ರಾಮಕ್ಕ ನಿಲ್ಲಿಸಿದಳು. ಹಿಂದೆ ವರ್ಷಗಟ್ಟಲೆ ಆ ಜಾಗದಲ್ಲಿ ನಿಲ್ಲಿಸಿ ಅಭ್ಯಾಸ. ಏನೂ ಬರಲಿಲ್ಲ. ನನ್ನ ಟಿವಿ ಪರದೆಯ ಮೇಲೆ ಸಣ್ಣ ಗೆರೆಯೊಂದು ಮಿಣುಕುತ್ತಾ, ಯಾರಾದರೂ ಬಡಿಯಿರಿ ಎಂದು ಕಾಯುತ್ತಿತ್ತು. ರಾಮಕ್ಕ ಅದೇ ಸಾಲನ್ನು ಇನ್ನೊಮ್ಮೆ ಹಾಡಿದಳು. ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲಿಸಿದಳು. ನಾಗಪ್ಪನಿದ್ದ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ, ಸುಮ್ಮನೆ ಕಾದಳು.

ಹಿಂದಿನಿಂದ ಟಕ್ ಎಂದು ಒಂದು ಸದ್ದು. ಆಮೇಲೆ ಎರಡು. ಆಮೇಲೆ ಎಣಿಸಲಾಗದಷ್ಟು. ನಾಗಪ್ಪ ಪರದೆ ಸರಿಸಿ ಬಂದು ನೆಲಕ್ಕೆ ಕೂತ. ಚೌಕಗಳು ಕಿತ್ತುಹೋದ, ಕುಂಕುಮ ಹರಿದು ಕೆಂಪಾದ ಪರೀಕ್ಷೆಯ ಪ್ಯಾಡು ಅವನ ತೊಡೆಯ ಮೇಲಿತ್ತು. ಬಲಗೈ ಊರಿ ಬರೀ ಬೆರಳಲ್ಲಿ ಆ ಒದ್ದೆ ಹಲಗೆಯನ್ನು ನುಡಿಸುತ್ತಿದ್ದ. ತಪ್ಪು ಹೊರಿಸಲು ಈಗ ಕಂಪ್ಯೂಟರೂ ಇರಲಿಲ್ಲ. ಖಲೀಲ್ ಸಾಬರು ಇನ್ನೊಂದು ಮೈಕು ತಂದು ಹಲಗೆಯ ಹತ್ತಿರ ಹಿಡಿದು ಕುಕ್ಕರಗಾಲಲ್ಲಿ ಕೂತರು. ಹಾಡು ಮುಗಿಯುವವರೆಗೆ ಅವರ ಕೈ ಅಲುಗಲಿಲ್ಲ. ಮುಗಿದ ಮೇಲೆ ಹೆಡ್‌ಮಾಸ್ಟರು ಮಾಡಿದ ವಂದನಾರ್ಪಣೆಯಲ್ಲಿ 'ಅಂದರೆ' ಎಷ್ಟಿತ್ತೆಂದು ನನ್ನ ದಿನಚರಿಯಲ್ಲಿಲ್ಲ. ಆ ಒಂದು ದಿನ ಎಣಿಸುವುದು ಮರೆತೆ.

ಮಾರನೆಯ ದಿನ ಊರೆಲ್ಲ ಹೊಗಳಿತು, ಹೊಗಳಿದ್ದು ಕಂಪ್ಯೂಟರನ್ನು. "ಏನ್ ಬಾರ್ಸ್ತು ಅಂತೀರಿ! ಮರದ ಡೋಲಕ್ಕು ಬಾರ್ಸ್ದಂಗೇ ಇತ್ತು" ಎಂದು ಮಗ್ಗಿಗೆ ಕರೆಂಟು ದಂಡ ಎಂದಿದ್ದ ಅದೇ ರೈತರು ಹೇಳಿದರು. ಹೆಡ್‌ಮಾಸ್ಟರು ತಿದ್ದಲಿಲ್ಲ. ರಾಮಕ್ಕನಿಗೆ ಮಾತ್ರ ಅವರ ಮೇಲೆ ಸಿಟ್ಟಿತ್ತು. "ಅಷ್ಟು ದೊಡ್ ಮನುಷ್ಯ, 'ಪಾಡಂಡಿ' ಅನ್ನಬಾರ್ದಾ? 'ಪಾಡು' ಅಂತ ಗದ್ರುಬುಟ್ರು. ಎದ್ರಿಕೇಗೆ ಆಡ್ಬುಟ್ಟೆ" ಎಂದಳು.

ನಾಗಪ್ಪ ಕಂಪ್ಯೂಟರಿಗೆ ದುಪ್ಪಟಿ ಹೊದಿಸುತ್ತಿದ್ದ. ಬೆನ್ನು ತಿರುಗಿಸಿಕೊಂಡೇ ಹೇಳಿದ: "ಕೆಟ್ಟೋಗೈತೆ ಅನ್ನದೇ ಮರ್ತೋಯ್ತು ಟೀಚರಮ್ಮ. ಕೈ ಅದ್ರ ಪಾಡಿಗೆ ಅದು ಓಗ್ಬುಡ್ತು."

ಆ ಶನಿವಾರ ಇಬ್ಬರೂ ಭಜನೆ ಮನೆಗೆ ಹೋದರು. ಡೋಲಕ್ಕು ಈಗ ಬಾರಿಸುತ್ತಿದ್ದ ಹೊಸಬನ ಹತ್ತಿರವೇ ಇರಲಿ ಎಂದು, ನಾಗಪ್ಪ ತನ್ನ ಪಾಡಿಗೆ ಒಂದು ಹಲಗೆ ತೊಡೆಯ ಮೇಲಿಟ್ಟುಕೊಂಡು ಕೂತನಂತೆ.

ನಾಗಪ್ಪ ಈಗಿಲ್ಲ. ರಾಮಕ್ಕ ಪಾವಗಡದಾಚೆಯ ತಮ್ಮ ಊರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಕುರಿ ಮೇಯುತ್ತಿದ್ದ ಬಯಲಲ್ಲಿ ಸೋಲಾರ್ ಹಲಗೆಗಳು ಹೊಳೆಯುತ್ತವೆ, ಅವನ್ನು ನೋಡಿ ಕಣ್ಣು ನೋಯುತ್ತದೆ ಎಂದು ಸಿಕ್ಕಿದವರಿಗೆಲ್ಲ ಬಯ್ಯುತ್ತಾಳಂತೆ. ದನಿ ಈಗಲೂ ಜೋರು.

ಲ್ಯಾಪ್‌ಟಾಪಿನ ಪಟ್ಟಿ ಕೊನೆ ಮುಟ್ಟಿತು. ಹದಿನಾರು ಚೌಕಗಳೂ ಒಮ್ಮೆಲೇ ಬೆಳಗಿದವು. ಪವಿತ್ರ ಒಂದರ ಮೇಲೆ ಬೆರಳಿಟ್ಟಳು. ಧುಂ! ತಡವಿಲ್ಲ, ಮಂಡಕ್ಕಿಯಿಲ್ಲ. ನಾನು ಎರಡು ಚೌಕಗಳನ್ನು ಒಟ್ಟಿಗೆ ಒತ್ತಿ ನೋಡಿದೆ, ಮೂರಾಗುತ್ತದೋ ಎಂದು. ಆಗಲಿಲ್ಲ. ಯಾಕೋ ಸ್ವಲ್ಪ ನಿರಾಸೆಯಾಯಿತು.

ಪವಿತ್ರ ಆಗಲೇ ಅಜ್ಜಿಗೆ, ಅವರ ಮನೆಯ ತೆಲುಗಿನಲ್ಲಿ ಅವ್ವನಿಗೆ, ಫೋನು ಹಚ್ಚಿ ಸ್ಪೀಕರು ಹಾಕಿದ್ದಳು. "ಅವ್ವಾ, ಪ್ಯಾಡ್ ಅಯಿಪೋಯಿಂದಿ!" ಎಂದು ಕೂಗಿದಳು.

ಆ ಕಡೆಯಿಂದ ಆ ದನಿ: "ಪಾಡೈಪೋಯಿಂದಾ? ಮಳ್ಳಾ?" ಮತ್ತೆ ಕೆಟ್ಟಿತಾ ಎಂದು. "ಆ ಟೀಚರಮ್ಮಂದು ಯಾವಾಗ್ಲೂ ಇದೇ ಆಯ್ತು. ಕಾಯಿಗೀಯಿ ವಡುದ್ರೇನೇ?"

ಪವಿತ್ರ ತಿದ್ದಲು ಬಾಯಿ ತೆರೆದಳು. ನಾನು ಕೈ ಹಿಡಿದು ತಡೆದೆ.

"ಪೋನೀಲೇ, ಬುಡು" ಎಂದಿತು ಫೋನು. "ನೇನೇ ಪಾಡ್ತಾ." ನಾನೇ ಹಾಡುತ್ತೇನೆ.

ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅದೇ ಹಾಡು, ಅದೇ ಮೊದಲ ಸಾಲು. ದನಿ ನಡುಗುತ್ತಿತ್ತು, ಆದರೆ ಮೆಲ್ಲಗಾಗಿರಲಿಲ್ಲ. ಸಾಲು ಮುಗಿದು ಆ ಜಾಗಕ್ಕೆ ಬಂತು. ರಾಮಕ್ಕ ನಿಲ್ಲಿಸಿ ಕಾದಳು. ಪವಿತ್ರ ಮಿನುಗುವ ಚೌಕಗಳ ಮೇಲೆ ಬೆರಳೆತ್ತಿಕೊಂಡು ನನ್ನ ಮುಖ ನೋಡಿದಳು.

"ಬಾರಿಸು" ಎಂದೆ.